ಮೂರನೆಯ ಸಲ ಹೇಳಿದ ಮೇಲೆ

ಅಜ್ಜಿ ಯಾರಿಗೂ ಸುಮ್ಮನೆ ‘ಬಾ’ ಎನ್ನುತ್ತಿರಲಿಲ್ಲ. ಎಂದರೆ ಬರಬೇಕಿತ್ತು. ಟೇಪ್ ರೆಕಾರ್ಡರ್ ಚಾಲೂ ಮಾಡಿ, ನಿಮ್ಮ ಭಾಷೆಯಲ್ಲಿ ‘ಬಾ’ ಎನ್ನಲು ಏನು ಹೇಳುತ್ತೀರಿ ಎಂದು ಕೇಳಿದರೆ ಅವರು ತುಟಿ ಬಿಗಿದುಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಎದ್ದು ಅಡುಗೆಮನೆಯ ಬಾಗಿಲವರೆಗೆ ಹೋಗಿ ನಿಂತರೆ ಮಾತ್ರ ‘ತುಲ’ ಎನ್ನುತ್ತಿದ್ದರು. ನಾನು ಬಂದು ಕೂತ ಮೇಲೆ ಮುಂದಿನ ಪದ. ‘ಕಿಟಕಿ ತೆರೆ’ ಎಂಬುದು ಬೇಕಾದ ದಿನ ಜನವರಿ ತಿಂಗಳು. ಕಿಟಕಿ ತೆರೆದೆ, ಹಿಮಗಾಳಿ ಮೇಜಿನ ಮೇಲಿದ್ದ ಕರವಸ್ತ್ರವನ್ನು ಹಾರಿಸಿತು, ಅವರು ಇನ್ನೊಂದು ಪದ ಹೇಳಿ ಅದನ್ನು ಮುಚ್ಚಿಸಿದರು. ಆ ಟೇಪುಗಳಲ್ಲಿ ಈಗಲೂ ಮಾತಿಗಿಂತ ಹೆಚ್ಚಾಗಿ ಕೇಳಿಸುವುದು ನನ್ನ ಕುರ್ಚಿ ಸರಿಯುವ ಸದ್ದು.

ಅದು ತೊಂಬತ್ತರ ದಶಕದ ಕೊನೆ. ನಾನು ಷಿಕಾಗೋದಲ್ಲಿ ಭಾಷಾವಿಜ್ಞಾನ ಓದುತ್ತಿದ್ದೆ. ನಾವಿಬ್ಬರೂ, ಅಂದರೆ ನಾನು ಮತ್ತು ನನ್ನ ಗಂಡ, ವಿಮಾನ ನಿಲ್ದಾಣಕ್ಕೆ ತಾಗಿದ ಡೆಸ್ ಪ್ಲೇನ್ಸ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ವಿಮಾನಗಳು ಎಷ್ಟು ಕೆಳಗೆ ಹಾರುತ್ತಿದ್ದವೆಂದರೆ ಫೋನಿನಲ್ಲಿ ಮಾತಾಡುವವರು ನಡುವೆ ತಡೆದು, ಸದ್ದು ದಾಟಿದ ಮೇಲೆ ಮಾತು ಮುಂದುವರಿಸುವುದನ್ನು ಕಲಿತಿದ್ದರು. ನಾನು ಆರಿಸಿಕೊಂಡ ವಿಷಯ ವೋಟಿಕ್ ಭಾಷೆಯಲ್ಲಿ ಆಜ್ಞೆ ಹೇಳುವ ಕ್ರಿಯಾರೂಪಗಳು. ಫಿನ್‌ಲ್ಯಾಂಡ್ ಕೊಲ್ಲಿಯ ದಕ್ಷಿಣ ದಡದಲ್ಲಿ, ರಷ್ಯಾದ ಕೆಲವೇ ಹಳ್ಳಿಗಳಲ್ಲಿ ಉಳಿದಿದ್ದ ಭಾಷೆ ಅದು. ಶಾಲೆಯಲ್ಲಿ ನಾವು ವಿಧ್ಯರ್ಥ ಎಂದು ಕಲಿತದ್ದನ್ನು ಹೋಲುವ ವಿಷಯ. ನಮ್ಮಲ್ಲಿ ಬಾ, ಬನ್ನಿ, ಬರಲಿ. ಅವರಲ್ಲಿ ತುಲ, ತುಲ್ಕಾ, ತುಲ್ಕೋ. ಫಿನ್ನಿಶ್‌ನಲ್ಲಿ ತುಲೆ, ತುಲ್ಕಾ, ತುಲ್ಕೋನ್. ಎಸ್ಟೋನಿಯನ್‌ನಲ್ಲಿ ತುಲೆ, ತುಲ್ಗೆ, ತುಲ್ಗು. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಊರಲ್ಲಿ ಬೆಳೆದು ಒಂದು ಮದುವೆಗೆ ಬಂದು ಸೇರಿದಂತೆ ಆ ಪದಗಳು ಕಾಣುತ್ತಿದ್ದವು. ‘ತುಲ’ ಎಂದು ಬರೆದಿದ್ದೇನೆ, ಆದರೆ ಅದರ ಕೊನೆಯ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಅಜ್ಜಿ ಅದನ್ನು ಗಂಟಲಿನಲ್ಲಿ ಸ್ವಲ್ಪ ಹಿಂದಕ್ಕೆ ಹಿಡಿದು ಹೇಳುತ್ತಿದ್ದರು.

ಮಿಷಿಗನ್ನಿನ ಕ್ಯಾಂಟನ್‌ನಲ್ಲಿ ನನ್ನ ಅಕ್ಕನ ಮನೆ. ಭಾವ ಕಾರು ಕಂಪನಿಯೊಂದರಲ್ಲಿ ಇಂಜಿನಿಯರು. ಅವರ ಸಬ್‌ಡಿವಿಜನ್, ಅಂದರೆ ಬಡಾವಣೆ, ಆಗಷ್ಟೇ ಎದ್ದಿತ್ತು. ಪ್ರತಿ ಮನೆಯ ಮುಂದೆಯೂ ಗೂಟಕ್ಕೆ ಕಟ್ಟಿದ ಒಂದೊಂದು ಎಳೆಯ ಗಿಡ, ಹಿತ್ತಲಿನಲ್ಲಿ ಇನ್ನೂ ಮಣ್ಣು. ನಾನು ಯಾಕೆ ಕನ್ನಡ ಬಿಟ್ಟು ಇಂಥದ್ದನ್ನು ಓದುತ್ತೇನೆಂದು ಅಲ್ಲಿ ಬರುವ ಅಂಕಲ್‌ಗಳೆಲ್ಲ ಕೇಳುತ್ತಿದ್ದರು. ಭಾವನ ಪ್ರಶ್ನೆ ಬೇರೆ.

“ಈ ಭಾಷೆ ಮಾತಾಡೋರು ಎಷ್ಟು ಜನ ಉಳಿದಿದಾರೆ?”

ಬಹಳ ಕಮ್ಮಿ ಎಂದೆ.

“ಹಂಗಾದ್ರೆ ಇವ್ರು ಆರ್ಡರ್ ಮಾಡಿದ್ರೆ ಕೇಳೋರ್ಯಾರು?”

ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಜ್ಜಿ ಇದ್ದದ್ದು ಕ್ಯಾಂಟನ್‌ನಿಂದ ಹೆಚ್ಚು ದೂರವಿಲ್ಲದ ಲಿವೋನಿಯಾದಲ್ಲಿ. ಯುದ್ಧದ ಕಾಲದಲ್ಲಿ ಅವರ ಹಳ್ಳಿಯವರನ್ನು ಹಡಗಿನಲ್ಲಿ ಫಿನ್‌ಲ್ಯಾಂಡಿಗೆ ಸಾಗಿಸಿದ್ದರು. ಯುದ್ಧ ಮುಗಿದು ಉಳಿದವರೆಲ್ಲ ಹಿಂದಕ್ಕೆ ಹೋಗುವಾಗ ಅಜ್ಜಿ ಮತ್ತು ಅವರ ಗಂಡ ಸ್ವೀಡನ್ನಿಗೆ ದಾಟಿದರು. ಮಗಳು ಅಲ್ಲಿಯೇ ಹುಟ್ಟಿದ್ದು. ಆಮೇಲೆ ಡೆಟ್ರಾಯಿಟ್. ಗಂಡ ಕಾರ್ಖಾನೆಯಲ್ಲಿ ದುಡಿದು, ನಿವೃತ್ತನಾಗಿ, ತೀರಿಕೊಂಡಿದ್ದ. ಅಮೆರಿಕಕ್ಕೆ ಬಂದಾಗಿನಿಂದ ಅಜ್ಜಿ ತಾವು ಫಿನ್ನಿಶ್ ಎಂದೇ ಹೇಳಿಕೊಂಡಿದ್ದರು, ವಿವರಿಸುವ ಗೋಜು ಇರುತ್ತಿರಲಿಲ್ಲ. ಚರ್ಚಿನ ಪರಿಚಯದವರೊಬ್ಬರ ಮೂಲಕ ನನ್ನ ಪ್ರೊಫೆಸರಿಗೆ ಅಜ್ಜಿ ವೋಟಿಕ್ ಆಡುವವರೆಂದು ತಿಳಿದು, ಅವರು ನನ್ನನ್ನು ಕಳಿಸಿದರು. ಲಿವೋನಿಯಾ ಎಂಬುದು ಬಾಲ್ಟಿಕ್ ಕಡಲ ದಂಡೆಯ ಹಳೆಯ ನಾಡೊಂದರ ಹೆಸರು, ಅಲ್ಲಿಯ ಭಾಷೆ ವೋಟಿಕ್‌ನ ದಾಯಾದಿ ಎಂದು ನಾನು ಮೊದಲ ದಿನ ಉತ್ಸಾಹದಿಂದ ಹೇಳಿದೆ. ಅಜ್ಜಿಗೆ ಅದು ಗೊತ್ತಿತ್ತು. “ಈ ಊರಿಗೆ ದಾಯಾದಿಗಳ ಹೆಸರೇನೋ ಇದೆ, ಮನೆಗಳು ಮಾತ್ರ ಬ್ಯಾಂಕಿನವು” ಎಂದರು, ತಮ್ಮ ಒಡೆದೊಡೆದ ಇಂಗ್ಲಿಷಿನಲ್ಲಿ.

ತಿಂಗಳಿಗೊಮ್ಮೆ, ಕೆಲವೊಮ್ಮೆ ಎರಡು ಸಲ, ಶುಕ್ರವಾರ ನಾನು ಐ-94 ಹೆದ್ದಾರಿಯಲ್ಲಿ ಹೊರಡುತ್ತಿದ್ದೆ. ಮಿಷಿಗನ್ ಸೇರಿದೊಡನೆ ಗಡಿಯಾರದಲ್ಲಿ ಒಂದು ಗಂಟೆ ಕಳೆದುಹೋಗುತ್ತಿತ್ತು, ಭಾನುವಾರ ವಾಪಸಾಗುವಾಗ ಸಿಗುತ್ತಿತ್ತು. ದಾರಿಯ ಎಕ್ಸಿಟ್‌ಗಳು, ಸೇಬು ಮಾರುವ ಅಂಗಡಿಯ ಫಲಕ, ಕಲಮಜೂ ದಾಟಿದ ಮೇಲೆ ರೇಡಿಯೋ ಸ್ಟೇಷನ್ ಗರಗರ ಎಂದು ಇನ್ನೊಂದಕ್ಕೆ ತಿರುಗುವ ಜಾಗ, ಇವೆಲ್ಲ ಇವತ್ತಿಗೂ ಕಣ್ಣಮುಂದೆ ಬರುತ್ತವೆ. ಆ ದಾರಿಯನ್ನು ಈಗ ಯಾರಾದರೂ ಬೈದರೆ ನನಗೆ ಬೇಸರವಾಗುತ್ತದೆ.

ಅಜ್ಜಿಯ ಮನೆಯೊಳಗೆ ಕಾಲಿಟ್ಟರೆ ಏಲಕ್ಕಿಯ ವಾಸನೆ. ಆ ಕಡೆಯವರು ಬನ್ನಿಗೆ ಏಲಕ್ಕಿ ಹಾಕುತ್ತಾರೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಮೊದಲ ದಿನ ಅವರು ಬನ್ನಿನ ತಟ್ಟೆಯನ್ನು ನನ್ನ ಮುಂದೆ ಸರಿಸಿ ‘ವೊತ’ ಎಂದರು. ತಗೋ ಎಂದು ಅರ್ಥ. ಬೇಡ ಎಂದೆ. ಮತ್ತೆ ‘ವೊತ’ ಎಂದರು. ಈಗಷ್ಟೇ ಊಟವಾಯಿತು, ನಿಜವಾಗಿ ಬೇಡ ಎಂದೆ. ಮೂರನೆಯ ಸಲ ಅವರು ತಟ್ಟೆಯನ್ನು ಎತ್ತಿ ನನ್ನ ಎದೆಯ ಮಟ್ಟಕ್ಕೆ ಹಿಡಿದರು, ನಾನು ಒಂದನ್ನು ತೆಗೆದುಕೊಂಡೆ. ಇದರಲ್ಲಿ ನಾನು ಲೆಕ್ಕ ಹಾಕಿ ಮಾಡಿದ್ದೇನೂ ಇರಲಿಲ್ಲ. ನಮ್ಮ ಮನೆಯಲ್ಲಿ ಮಕ್ಕಳನ್ನು ಬೆಳೆಸಿದ್ದೇ ಹಾಗೆ, ಯಾರದೋ ಮನೆಯಲ್ಲಿ ಕೊಟ್ಟೊಡನೆ ಕೈ ಚಾಚಿದರೆ ತಾಯಿಯ ಕಣ್ಣು ದೊಡ್ಡದಾಗುತ್ತಿತ್ತು. ಆದರೆ ಅಜ್ಜಿ ಬಹಳ ಹೊತ್ತು ನಕ್ಕರು. ನನಗಿಂತ ಮೊದಲು, ವರ್ಷಗಳ ಹಿಂದೆ, ಒಬ್ಬ ವಿದ್ವಾಂಸ ಬಂದಿದ್ದನಂತೆ. ಮೊದಲ ಮಾತಿಗೇ ಬನ್ನು ತೆಗೆದುಕೊಂಡನಂತೆ. ಅವನಿಗೆ ಭಾಷೆ ಹೇಳಿಕೊಡಲು ತಮಗೆ ಮನಸ್ಸಾಗಲಿಲ್ಲ ಎಂದರು. ಅವರ ಹಳ್ಳಿಯಲ್ಲಿ ಎರಡು ಸಲ ಬೇಡ ಎನ್ನದವನು ಹಸಿದ ಕುದುರೆ.

ಮಗಳು ಪಕ್ಕದ ಊರಿನಲ್ಲಿದ್ದರು. ಐವತ್ತು ದಾಟಿದವರು, ದಂತವೈದ್ಯರೊಬ್ಬರ ಕಚೇರಿಯಲ್ಲಿ ಕೆಲಸ, ಒಬ್ಬರೇ ಇದ್ದರು. ಸಂಜೆ ತಾಯಿಯನ್ನು ನೋಡಲು ಬಂದಾಗ ನಾವು ಕೂತಿರುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ತಮಗೆ ಆ ಭಾಷೆಯ ಒಂದು ವಾಕ್ಯವೂ ಬರುವುದಿಲ್ಲ, ಅಪ್ಪ ಅಮ್ಮ ತಮ್ಮ ಹತ್ತಿರ ಇಂಗ್ಲಿಷನ್ನೇ ಆಡಿದರು, ಶಾಲೆಯಲ್ಲಿ ಹಿಂದೆ ಬೀಳಬಾರದೆಂದು, ಎಂದು ಒಮ್ಮೆ ಹೇಳಿದರು. ಹೇಳುವಾಗ ಕೋಟಿನ ಗುಂಡಿ ಹಾಕುತ್ತಿದ್ದರು, ಮುಖ ಕಾಣಲಿಲ್ಲ.

ಎದುರಿಗಿಲ್ಲದವರ ಬಗ್ಗೆ ಹೇಳುವ ರೂಪ, ನಮ್ಮ ‘ಬರಲಿ’ಗೆ ಸಮನಾದ ‘ತುಲ್ಕೋ’, ನನಗೆ ಬಹಳ ಕಾಲ ಸಿಗಲಿಲ್ಲ. ಯಾರು ಬರಲಿ ಎಂದು ಅಜ್ಜಿ ಕೇಳುತ್ತಿದ್ದರು. ಯಾರಾದರೂ ಆಗಬಹುದು ಎಂದರೆ ಇಲ್ಲವೆಂದು ತಲೆಯಾಡಿಸುತ್ತಿದ್ದರು, ಯಾರಾದರೂ ಎಂದರೆ ಯಾರೂ ಅಲ್ಲ. ಕೊನೆಗೆ ಒಂದು ಮಧ್ಯಾಹ್ನ ಟಪಾಲು ಗಾಡಿ ಮೂರು ಮನೆ ಆಚೆ ನಿಂತದ್ದು ಕಿಟಕಿಯಲ್ಲಿ ಕಂಡಾಗ ಅವರೇ ‘ತುಲ್ಕೋ’ ಎಂದರು. ಟಪಾಲಿನವನು ಬಂದ. ಅಜ್ಜಿ ನನ್ನ ಕಡೆ ತಿರುಗಿ ಹುಬ್ಬೇರಿಸಿದರು.

ಹೀಗೆ ಎರಡು ಮೂರು ವರ್ಷ ನಡೆಯಿತು. ಆಮೇಲೆ ಒಂದು ಅಕ್ಟೋಬರಿನಲ್ಲಿ ಮಗಳ ಫೋನು ಬಂತು. ಅಜ್ಜಿಗೆ ಪಾರ್ಶ್ವವಾಯು ಆಗಿತ್ತು. ಆಸ್ಪತ್ರೆಯಿಂದ ಶುಶ್ರೂಷಾ ಕೇಂದ್ರವೊಂದಕ್ಕೆ ಸೇರಿಸಿದ್ದರು. ಬಲಗೈ ಬಿದ್ದುಹೋಗಿತ್ತು. ಇಂಗ್ಲಿಷ್ ಹೇಳಿದರೆ ಅರ್ಥವಾಗುವಂತೆ ಕಾಣುತ್ತಿತ್ತು, ಆದರೆ ಬಾಯಿಂದ ಬರುತ್ತಿದ್ದ ನಾಲ್ಕು ಮಾತು ಇಂಗ್ಲಿಷಿನದಾಗಿರಲಿಲ್ಲ. ಮುಖ್ಯವಾದದ್ದೆಂದರೆ ಅವರು ಊಟ ಮಾಡುತ್ತಿರಲಿಲ್ಲ. ನುಂಗಲು ತೊಂದರೆಯಿಲ್ಲ ಎಂದು ಪರೀಕ್ಷೆ ಮಾಡಿ ನೋಡಿದ್ದರು. ಆದರೂ ತಿನ್ನುತ್ತಿರಲಿಲ್ಲ. ವಾರದ ಕೊನೆಯೊಳಗೆ ಆಹಾರ ಕೊಡಲು ಹೊಟ್ಟೆಗೆ ಕೊಳವೆ ಹಾಕುವ ಬಗ್ಗೆ ನಿರ್ಧರಿಸಿ ಎಂದು ವೈದ್ಯರು ಮಗಳಿಗೆ ಹೇಳಿದ್ದರು.

“ನೆರೆಯವಳಿಗೆ ಕೊಳವೆ ಹಾಕಿದಾಗ, ನನಗೆ ಹೀಗೆ ಮಾಡಬೇಡ ಅಂತ ಅಮ್ಮ ಹೇಳಿದ್ದಳು” ಎಂದರು ಮಗಳು. “ಆದರೆ ಈಗ ಅವಳು ಸಾಯಬೇಕು ಅಂತ ನಿರ್ಧರಿಸಿದಾಳಾ, ಅಥವಾ ಇನ್ನೇನಾದರೂ ಹೇಳ್ತಿದಾಳಾ, ನನಗೆ ಗೊತ್ತಾಗ್ತಿಲ್ಲ. ನೀವು ಬಂದು ಕೇಳಿ ಹೇಳ್ತೀರಾ?”

ಶುಕ್ರವಾರ ಹೋದೆ. ಕೋಣೆ ಚೊಕ್ಕಟವಾಗಿತ್ತು, ಅಲ್ಲಿಯವರು ಒಳ್ಳೆಯವರು. ಮಧ್ಯಾಹ್ನ ಒಬ್ಬ ಸಹಾಯಕಿ ಟ್ರೇ ತಂದು, ಅಜ್ಜಿಯ ಭುಜ ಮುಟ್ಟಿ, ಸ್ವಲ್ಪ ಸೂಪ್ ಬೇಕಾ ಎಂದು ಮೃದುವಾಗಿ ಕೇಳಿದಳು. ಅಜ್ಜಿ ಮುಖ ಗೋಡೆಯ ಕಡೆ ತಿರುಗಿಸಿ ‘ಎನ್ ತಹೊ’ ಎಂದರು. ಸಹಾಯಕಿ ಸ್ವಲ್ಪ ಕಾದಳು. ಸರಿ, ಆಮೇಲೆ ನೋಡೋಣ ಎಂದು ಟ್ರೇಯನ್ನು ಎತ್ತಿಕೊಂಡು ಹೋದಳು. ಮಗಳು ನನ್ನನ್ನು ನೋಡಿದರು. ನನಗೆ ಆ ಎರಡು ಪದಗಳ ಬಗ್ಗೆ ಯಾವ ಅನುಮಾನವೂ ಇರಲಿಲ್ಲ. ನನಗೆ ಬೇಡ ಅಂತ ಹೇಳಿದರು ಎಂದೆ. ಮಗಳು ಕಿಟಕಿಯ ಹತ್ತಿರ ಹೋಗಿ ನಿಂತರು. ಅವರ ಬೆನ್ನು ಅಲುಗುತ್ತಿತ್ತು. ನಾನು ಅಲ್ಲಿಯೇ ಕೂತಿದ್ದೆ. ಒಬ್ಬರ ಬಾಯಿಂದ ಬಂದ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದು ಇಷ್ಟು ಭಾರವಾಗಬಹುದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಮರುದಿನ ಶನಿವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಸಬ್‌ಡಿವಿಜನ್ನಿಗೆ ಹೊಸದಾಗಿ ಬಂದ ಗಂಡ ಹೆಂಡತಿ ಅತಿಥಿಗಳು, ಮದುವೆಯಾಗಿ ವರ್ಷವಾಗಿರಲಿಲ್ಲ. ಅಕ್ಕನ ಅತ್ತೆ ಗದಗದಿಂದ ಬಂದು ನಾಲ್ಕಾರು ತಿಂಗಳಾಗಿತ್ತು, ಹೋಳಿಗೆ ಮಾಡಿದ್ದರು. ಹುಡುಗಿಯ ತಟ್ಟೆಗೆ ಇನ್ನೊಂದು ಹಾಕಲು ಬಂದಾಗ ಅವಳು ಎರಡೂ ಕೈ ಅಡ್ಡ ಹಿಡಿದು, ಸಾಕು, ಆಗಲ್ಲ ಎಂದಳು.

“ಏನ್ ಸಾಕು? ಗುಬ್ಬಿ ಉಂಡಂಗ ಉಂಡೀರಿ. ತಗೀರಿ ಕೈ.”

“ಅಯ್ಯೋ ಬೇಡಮ್ಮ, ನಿಜವಾಗ್ಲೂ.”

“ಉಣ್ಣುವಾಗ ನಿಜಾ ಹೇಳಬಾರದ್ರಿ. ಉಣ್ರಿ.”

ಹುಡುಗಿ ಕೈ ತೆಗೆಯಲಿಲ್ಲ, ಆದರೆ ಬೆರಳುಗಳ ನಡುವೆ ಒಂದು ಹೋಳಿಗೆ ಹಿಡಿಸುವಷ್ಟು ಜಾಗ ಬಿಟ್ಟಿದ್ದಳು. ಅತ್ತೆ ಅಲ್ಲಿಂದಲೇ ಜಾರಿಸಿ, ಮೇಲೆ ತುಪ್ಪ ಹಾಕಿದರು. ಹುಡುಗಿ ಪೂರ್ತಿ ತಿಂದಳು. ಈ ದೇಶದಲ್ಲಿ ಹೀಗೆ ಯಾರೂ ಬಲವಂತ ಮಾಡುವುದಿಲ್ಲ ಎಂದು ಭಾವ ನಗುತ್ತ ಹೇಳಿದರು. “ಗೊತ್ತೈತಪ್ಪ” ಎಂದರು ಅತ್ತೆ. “ಇಲ್ಲೆ ಒಮ್ಮೆ ಬ್ಯಾಡ ಅಂದ್ರ ಮುಗೀತು, ಸೀದಾ ಫ್ರಿಜ್ಜಿಗೆ ಹೋಗ್ತದ. ಆ ಪಕ್ಕದ ಮನೀಕಿ ಚಹಾ ಬೇಕೇನು ಅಂದ್ಲು, ಬ್ಯಾಡ ಅಂದೆ. ಹೌದೇನು ಅಂತ ತಾನೊಬ್ಬಾಕಿನೇ ಕುಡದ್ಲು.”

ಎಲ್ಲರೂ ನಗುತ್ತಿದ್ದರು. ಅಕ್ಕನ ಮಕ್ಕಳಿಬ್ಬರೂ ಟಿವಿಯ ಮುಂದಿದ್ದರು. ಬಾ, ಕೈ ತೊಳ್ಕೋ, ತಿನ್ನು, ಅದನ್ನ ಮುಟ್ಬೇಡ ಎಂದು ಅಕ್ಕ ಒಂದೇ ಉಸಿರಿಗೆ ಹೇಳಿದಳು. ಅವರು ಇಂಗ್ಲಿಷಿನಲ್ಲಿ ಒಂದು ನಿಮಿಷ ಎಂದು ಕೂಗಿ, ಹೇಳಿದ್ದನ್ನೆಲ್ಲ ಹೇಳಿದಂತೆ ಮಾಡಿದರು. ನಾನು ತಟ್ಟೆಯ ಮುಂದೆ ಕೈ ಕಟ್ಟಿಕೊಂಡು ಕೂತೆ. ಶುಶ್ರೂಷಾ ಕೇಂದ್ರದಲ್ಲಿ ಅಜ್ಜಿಯನ್ನು ಬೇಕಾ ಎಂದು ಎಲ್ಲರೂ ಕೇಳುತ್ತಿದ್ದರು, ತಿನ್ನು ಎಂದು ಯಾರೂ ಹೇಳುತ್ತಿರಲಿಲ್ಲ. ಒಂದು ಸಲ ಕೇಳಿ, ಅವರ ಮಾತಿಗೆ ಮರ್ಯಾದೆ ಕೊಟ್ಟು, ಟ್ರೇ ಎತ್ತಿಕೊಂಡು ಹೋಗುತ್ತಿದ್ದರು. ಅಜ್ಜಿ ಹೇಳಿದ ಎರಡು ಪದಗಳ ಅರ್ಥ ನಾನು ಹೇಳಿದ್ದೇ. ಆದರೆ ಅದು ಎಷ್ಟನೆಯ ಸಲದ ಬೇಡ ಎಂದು ನಾನು ನೋಡಿರಲಿಲ್ಲ.

ಊಟ ಮುಗಿಸಿ ಶುಶ್ರೂಷಾ ಕೇಂದ್ರಕ್ಕೆ ಹೊರಟೆ. ಮಗಳು ಅಲ್ಲಿಯೇ ಇದ್ದರು. ನಾನು ಏನು ಯೋಚಿಸಿದೆನೆಂದು ನಿಧಾನವಾಗಿ ಹೇಳಿದೆ, ಇದು ನನ್ನ ಊಹೆ, ತಪ್ಪಿರಬಹುದು ಎಂದೂ ಹೇಳಿದೆ. ಅವರು ತಾಯಿಯ ಹೊದಿಕೆ ಸರಿಮಾಡಿದರು.

“ನಾನು ಯಾವತ್ತೂ ಅಮ್ಮನಿಗೆ ಇದು ಮಾಡು ಅಂತ ಹೇಳಿದವಳಲ್ಲ” ಎಂದರು. “ಭಾಷೆಯೂ ಬರಲ್ಲ.”

ನೀವು ಚಿಕ್ಕವರಿದ್ದಾಗ ಅಮ್ಮ ಊಟಕ್ಕೆ ಹೇಗೆ ಕರೆಯುತ್ತಿದ್ದರು ಎಂದು ಕೇಳಿದೆ. ಅವರು ತಕ್ಷಣ ಇಂಗ್ಲಿಷಿನಲ್ಲಿ ಏನೋ ಹೇಳಲು ಹೊರಟು ನಿಂತರು. ಆಮೇಲೆ, “ತುಲ” ಎಂದರು. ಕೊನೆಯ ಸ್ವರ ತಾಯಿಯದೇ, ಗಂಟಲಿನಲ್ಲಿ ಹಿಂದಕ್ಕೆ ಹಿಡಿದದ್ದು, ನಾನು ವರ್ಷಗಳಿಂದ ಪ್ರಯತ್ನಿಸಿ ಬಾರದೇ ಇದ್ದದ್ದು. ಬಂದು ಕೂತ ಮೇಲೆ? “ವೊತ. ಸ್ಯೂ.” ತಗೋ, ತಿನ್ನು. ಒಲೆಯ ಹತ್ತಿರ ಹೋದರೆ? “ಎಲ್ಯಾ.” ಬೇಡ, ಮಾಡಬೇಡ. ಅವರ ಕೈ ಬಾಯಿಯ ಮೇಲಿತ್ತು. ಅಪ್ಪ ಅಮ್ಮ ಇಂಗ್ಲಿಷಿನಲ್ಲೇ ಬೆಳೆಸಿದರೂ ಅವಸರದಲ್ಲಿ, ಸಿಟ್ಟಿನಲ್ಲಿ, ಪ್ರೀತಿಯಲ್ಲಿ ಬಾಯಿಂದ ಬಿದ್ದ ಮಾತುಗಳೆಲ್ಲ ಅಲ್ಲಿಯೇ ಉಳಿದಿದ್ದವು. ಉಳಿದದ್ದೆಲ್ಲ ಆಜ್ಞೆಗಳೇ. ಮಗುವಿಗೆ ದೊಡ್ಡವರು ಬೇರೇನು ಹೇಳುತ್ತಾರೆ?

“ಅವಳು ನನಗೆ ಹೇಳ್ತಿದ್ದ ಹಾಗೇ ಅವಳಿಗೆ ಹೇಳಲಾ? ಅಮರ್ಯಾದೆ ಆಗಲ್ವಾ?”

ಗೊತ್ತಿಲ್ಲ ಎಂದೆ. ಆ ಹಳ್ಳಿಯಲ್ಲಿ ದೊಡ್ಡ ಮಕ್ಕಳು ತಾಯಿಗೆ ಹೇಗೆ ಹೇಳುತ್ತಿದ್ದರೆಂದು ನಾನು ಎಂದೂ ಕೇಳಿರಲಿಲ್ಲ.

ಸಂಜೆಯ ಟ್ರೇ ಬಂತು. ಆಲೂಗಡ್ಡೆಯ ಸೂಪು. ಮಗಳು ಚಮಚ ತುಂಬಿ ಹಿಡಿದು “ವೊತ” ಎಂದರು. ಅಜ್ಜಿ ಕಣ್ಣು ತೆರೆದು ಮಗಳನ್ನು ನೋಡಿ, ಮುಖ ತಿರುಗಿಸಿ, ‘ಎನ್ ತಹೊ’ ಎಂದರು. ಮಗಳು ನನ್ನ ಕಡೆ ನೋಡಿದರು. ನಾನು ಏನೂ ಮಾಡಲಿಲ್ಲ. “ವೊತ, ಅಮ್ಮ.” ಈ ಸಲ ಅಜ್ಜಿ ಮಾತಾಡಲಿಲ್ಲ, ತಲೆಯನ್ನು ಸ್ವಲ್ಪ ಅಲ್ಲಾಡಿಸಿದರು. ಮಗಳ ಚಮಚದಿಂದ ಸೂಪು ಹೊದಿಕೆಯ ಮೇಲೆ ಚೆಲ್ಲಿತು. ಮತ್ತೆ ತುಂಬಿ, ಚಮಚವನ್ನು ತುಟಿಯ ಹತ್ತಿರಕ್ಕೆ ತಂದು, ಮೊದಲಿಗಿಂತ ಜೋರಾಗಿ, ಬೈಯುವವರಂತೆ, “ಸ್ಯೂ” ಎಂದರು. ಅಜ್ಜಿ ಬಾಯಿ ತೆರೆದರು.

ಅರ್ಧ ಬಟ್ಟಲು ತಿಂದರು. ಅಂದು ನಾನು ಕಂಡದ್ದು ಇಷ್ಟೇ. ಅದು ಹಳ್ಳಿಯ ಸಂಪ್ರದಾಯವೋ, ಮಗಳ ದನಿಯೋ, ಅಥವಾ ಎದುರು ಹೇಳಲು ಶಕ್ತಿಯಿಲ್ಲದ ದೇಹಕ್ಕೆ ನಾವಿಬ್ಬರೂ ಸೇರಿ ಬಲವಂತ ಮಾಡಿದೆವೋ, ನಾನು ಪ್ರಮಾಣ ಮಾಡಿ ಹೇಳಲಾರೆ. ಈ ಕೊನೆಯ ಸಾಧ್ಯತೆಗೆ ಈಗಲೂ ಹೆದರುತ್ತೇನೆ. ಮಗಳಿಗೂ ಅದೇ ಭಯವಿತ್ತು, ನನ್ನ ಹತ್ತಿರ ಹೇಳಿದರು.

ಕೊಳವೆಯ ಮಾತು ಹಿಂದೆ ಸರಿಯಿತು. ಆ ಚಳಿಗಾಲ ಪೂರ್ತಿ ಮಗಳು ಕೆಲಸದ ನಡುವಿನ ಬಿಡುವಿನಲ್ಲಿ ಅಲ್ಲಿಗೆ ಡ್ರೈವ್ ಮಾಡಿಕೊಂಡು ಬಂದು, ಸಂಜೆ ಮತ್ತೆ ಬಂದು ತಾಯಿಗೆ ಉಣಿಸಿದರು. ಬೆಳಗಿನ ಸಹಾಯಕಿಗೂ ಹೇಳಿಕೊಟ್ಟರು. ಅವಳು ಅಮೆರಿಕದ ದಕ್ಷಿಣದ ಕಡೆಯ ಕಪ್ಪು ಹೆಂಗಸು, ತನ್ನ ಅಜ್ಜಿಯ ಮನೆಯಲ್ಲೂ ಕೇಳೋ ಪದ್ಧತಿ ಇರಲಿಲ್ಲ, ತಟ್ಟೆಗೆ ಬಡಿಸೋದಷ್ಟೇ ಎಂದು ಹೇಳಿ ‘ವೊಟಾ, ವೊಟಾ’ ಎನ್ನುತ್ತಿದ್ದಳು. ನಾನು ಹೋದಾಗಲೆಲ್ಲ ನೋಡುತ್ತಿದ್ದೆ. ಮೊದಲ ಸಲ ಬೇಡ, ಎರಡನೆಯ ಸಲ ಅರೆಮನಸ್ಸಿನ ಬೇಡ, ಮೂರನೆಯ ಸಲ ಬಾಯಿ ತೆರೆಯುವುದು. ಒಮ್ಮೆ ಎರಡನೆಯ ಬೇಡ ಹೇಳುವಾಗ ಅಜ್ಜಿಯ ತುಟಿಯ ಎಡತುದಿ ಮೇಲೇರಿತು. ನಗುತ್ತಿದ್ದಾಳೆ ಎಂದರು ಮಗಳು. ನನಗೂ ಹಾಗೇ ಕಂಡಿತು. ಆ ತಿಂಗಳುಗಳಲ್ಲಿ ತಾಯಿ ಮಗಳು ಒಬ್ಬರಿಗೊಬ್ಬರು ಆಡಿದ ಮಾತು ಇಷ್ಟೇ, ನಾಲ್ಕೈದು ಪದ. ನಾನು ಟೇಪು ಒಯ್ಯುವುದನ್ನು ಬಿಟ್ಟಿದ್ದೆ. ಹಿಮ ಸುರಿಯುವ ಮಧ್ಯಾಹ್ನ, ಕೋಣೆಯ ಹೀಟರ್ ಗುಂಯ್‌ಗುಡುತ್ತಿರುವಾಗ, ಮಗಳು ತಾಯಿಗೆ ಗದರಿ ಉಣಿಸುವುದನ್ನು ನೋಡುತ್ತ ಕೂತಿರುವುದು ನನಗೆ ಹಿತವಾಗಿತ್ತು. ನನ್ನ ಓದಿನ ವರ್ಷಗಳಲ್ಲಿ ಯಾವುದಾದರೂ ಒಂದು ದಿನ ಮತ್ತೆ ಸಿಗುವುದಾದರೆ ಅಂಥದ್ದೊಂದನ್ನೇ ಕೇಳುತ್ತೇನೆ.

ಮಾರ್ಚಿನಲ್ಲಿ ಅಜ್ಜಿಗೆ ಇನ್ನೊಮ್ಮೆ ಪಾರ್ಶ್ವವಾಯು ಆಯಿತು, ಮೊದಲಿನಷ್ಟು ದೊಡ್ಡದಲ್ಲ. ಅದಾದ ವಾರ ನಾನು ಹೋದಾಗ ಕೊಳವೆಯ ಪ್ರಶ್ನೆ ಮತ್ತೆ ಎದ್ದಿತ್ತು. ವೈದ್ಯರು ಆ ದಿನ ಬರುವವರಿದ್ದರು. ಮಗಳು ಬಟ್ಟಲು ಹಿಡಿದು ಕೂತಿದ್ದರು. ‘ವೊತ’ ಎಂದರು. ಎಂದಿನಂತೆ ಎನ್ ತಹೊ. ಎರಡನೆಯ ಸಲವೂ ಎನ್ ತಹೊ, ಸ್ಪಷ್ಟವಾಗಿ. ಮೂರನೆಯ ಸಲ ‘ಸ್ಯೂ’ ಎಂದಾಗ ಅಜ್ಜಿ ಬಾಯಿ ತೆರೆಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಎಡಗೈಯನ್ನು ಹೊದಿಕೆಯ ಕೆಳಗಿನಿಂದ ಹೊರತೆಗೆದು ಮಗಳ ಮಣಿಕಟ್ಟಿನ ಮೇಲಿಟ್ಟರು. ಅವರ ಕಣ್ಣು ಮಗಳ ಮುಖದ ಮೇಲೆಯೇ ಇತ್ತು.

“ಎಲ್ಯಾ” ಎಂದರು.

ಮಗಳು ಚಮಚ ಹಿಡಿದ ಕೈಯನ್ನು ಅಲುಗಿಸಲಿಲ್ಲ. ನಾಲ್ಕನೆಯ ಸಲ ಹೇಳುತ್ತಾರೇನೋ ಎಂದುಕೊಂಡೆ. ಹೇಳಲಿಲ್ಲ. ಚಮಚವನ್ನು ಬಟ್ಟಲಿಗಿಟ್ಟು, ಬಟ್ಟಲನ್ನು ಟ್ರೇಯಲ್ಲಿಟ್ಟರು. ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಹಿಮ ಗೋರುವ ಗಾಡಿ ಹಿಂದೆ ಸರಿಯುವಾಗಿನ ಪೀಂ ಪೀಂ ಸದ್ದು ಕೇಳುತ್ತಿತ್ತು.

ವೈದ್ಯರು ಬಂದಾಗ ಮಗಳು ಕೊಳವೆ ಬೇಡ ಎಂದರು. ವೈದ್ಯರು ಕುರ್ಚಿ ಎಳೆದುಕೊಂಡು ಕೂತು, ಇದು ನಿಮ್ಮ ನಿರ್ಧಾರವೋ ಅವರದೋ ಎಂದು ಸಮಾಧಾನದಿಂದ ಕೇಳಿದರು.

“ಅಮ್ಮನದು. ನನಗೆ ಹೇಳಿದಳು.”

ವೈದ್ಯರು ನನ್ನ ಕಡೆ ತಿರುಗಿದರು. ನೀವು ಕೇಳಿಸಿಕೊಂಡಿರಾ, ಏನು ಹೇಳಿದರು ಎಂದರು. ಅಕ್ಟೋಬರಿನಲ್ಲಿ ಇದೇ ಕೋಣೆಯಲ್ಲಿ ನಾನು ಎರಡು ಪದಗಳ ಅರ್ಥ ಹೇಳಿ ಕೂತಿದ್ದೆ. ಈ ಸಲ ಅರ್ಥದ ಜೊತೆಗೆ, ಮಗಳು ಮೂರು ಸಲ ಹೇಳಿದ್ದು, ಅಜ್ಜಿ ಕೈ ಹಿಡಿದದ್ದು, ಕಣ್ಣು ತಿರುಗಿಸದೆ ಇದ್ದದ್ದು, ಎಲ್ಲವನ್ನೂ ಕಂಡ ಕ್ರಮದಲ್ಲಿ ಹೇಳಿದೆ. ಬೇಡ ಅಂತ ಹೇಳಿದರು, ಮಗಳಿಗೆ ಮಾಡಬೇಡ ಅಂತ ಹೇಳಿದರು, ನಾನು ಕೇಳಿದೆ ಎಂದೆ. ಅವರು ಸರಿ ಎಂದು ತಲೆಯಾಡಿಸಿ ಎದ್ದುಹೋದರು.

ಮಗಳು ತಾಯಿಯ ಬಾಯಿ ಒರೆಸಿ, ಟ್ರೇಯನ್ನು ಬಾಗಿಲ ಹೊರಗಿಟ್ಟು ಬಂದು, ಕುರ್ಚಿಯನ್ನು ಮಂಚಕ್ಕೆ ತಾಗಿಸಿಕೊಂಡು ಕೂತರು.